ಸೊಂಟದ ಕೀಲಿನ ಮರುಬದಲಾವಣೆಯಲ್ಲಿ ತೀವ್ರ ಮೂಳೆನಷ್ಟದ ನಿರ್ವಹಣೆ

ಸೊಂಟದ ಕೀಲಿನ ಮರುಬದಲಾವಣೆ ಎಂದರೆ ಹಿಂದೆ ಅಳವಡಿಸಿದ ಕೃತಕ ಕೀಲು ಸಡಿಲಗೊಂಡಾಗ, ಸವೆದಾಗ, ಸೋಂಕಿಗೆ ಒಳಗಾದಾಗ ಅಥವಾ ಪದೇ ಪದೇ ಜಾರತೊಡಗಿದಾಗ ಅದನ್ನು ಭಾಗಶಃ ಇಲ್ಲವೆ ಪೂರ್ಣವಾಗಿ ತೆಗೆದು ಹೊಸದನ್ನು ಕೂಡಿಸುವ ಶಸ್ತ್ರಚಿಕಿತ್ಸೆ. ಮೊದಲ ಬಾರಿಯ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕೈಗೆ ಸಿಗುವುದು ಬಹುಮಟ್ಟಿಗೆ ಇಡಿಯಾದ ಮೂಳೆ. ಎರಡನೆಯ, ಮೂರನೆಯ ಬಾರಿಗೆ ಆ ಮೂಳೆ ಹಲವು ಕಡೆ ಕರಗಿ, ತೆಳುವಾಗಿ, ಕೆಲವೊಮ್ಮೆ ತುಂಡಾಗಿಯೇ ಇರುತ್ತದೆ. ಆದ್ದರಿಂದ ಮರುಬದಲಾವಣೆಯ ಮುಖ್ಯ ಸಮಸ್ಯೆ ಯಾವ ಲೋಹದ ಕೀಲನ್ನು ಇಡಬೇಕೆಂಬುದಕ್ಕಿಂತ, ಅದನ್ನು ಹಿಡಿದು ನಿಲ್ಲಿಸಬಲ್ಲ ಜೀವಂತ ಮೂಳೆ ಎಲ್ಲಿ ಎಷ್ಟು ಉಳಿದಿದೆ ಎಂಬುದಾಗಿದೆ. ಈ ಲೇಖನವು ಮೂಳೆ ನಷ್ಟವಾಗುವ ಬಗೆ, ಅದನ್ನು ಅಳೆಯುವ ಕ್ರಮ ಮತ್ತು ಪುನರ್ನಿರ್ಮಾಣದ ವಿಧಾನಗಳನ್ನು ಕುರಿತದ್ದು.

ರಚನೆ ಮತ್ತು ಹೆಸರು

ಸೊಂಟದ ಕೀಲು ಒರಳು ಮತ್ತು ಗುಂಡುಕಲ್ಲಿನಂತಹ ಜೋಡಣೆ. ಶ್ರೋಣಿಯ ಮೂಳೆಯಲ್ಲಿರುವ ಬಟ್ಟಲಿನಾಕಾರದ ಗುಳಿಗೆ ಅಸೆಟಾಬುಲಂ ಎಂದು ಹೆಸರು. ತೊಡೆಮೂಳೆಯ ತುದಿಯ ಗುಂಡನೆಯ ತಲೆಯು ಅದರೊಳಗೆ ಕುಳಿತು ತಿರುಗುತ್ತದೆ. ಶ್ರೋಣಿಯ ಮೂರು ಮೂಳೆಗಳು, ಅಂದರೆ ಮೇಲಿನ ಇಲಿಯಂ, ಹಿಂಬದಿಯ ಇಶ್ಚಿಯಂ ಮತ್ತು ಮುಂಬದಿಯ ಪ್ಯೂಬಿಸ್, ಈ ಬಟ್ಟಲಿನಲ್ಲೇ ಸೇರುತ್ತವೆ. ಕೃತಕ ಕೀಲಿನಲ್ಲಿ ಬಟ್ಟಲಿನ ಜಾಗಕ್ಕೆ ಒಂದು ಕಪ್ಪು, ತಲೆಯ ಜಾಗಕ್ಕೆ ಲೋಹದ ಅಥವಾ ಸೆರಾಮಿಕ್‌ನ ಗೋಲಿ, ಅದನ್ನು ಹೊತ್ತು ತೊಡೆಮೂಳೆಯ ಟೊಳ್ಳಿನೊಳಗೆ ಇಳಿಯುವ ಕಾಂಡ ಇರುತ್ತವೆ.

ಕನ್ನಡದಲ್ಲಿ ಇಲ್ಲೊಂದು ಗೊಂದಲವಿದೆ. ‘ಸೊಂಟನೋವು’ ಎಂದು ಹೇಳುವವರಲ್ಲಿ ಬಹುತೇಕರ ತೊಂದರೆ ಬೆನ್ನಿನ ಕೆಳಭಾಗದ್ದು. ಸೊಂಟದ ಕೀಲಿನ ನಿಜವಾದ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೃತಕ ಕೀಲು ಹಾಕಿಸಿಕೊಂಡವರಿಗೆ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಕಪ್ಪು ಸಡಿಲವಾದರೆ ನೋವು ತೊಡೆಸಂದಿನಲ್ಲಿ, ಕಾಂಡ ಸಡಿಲವಾದರೆ ತೊಡೆಯ ನಡುಭಾಗದಲ್ಲಿ ಕಾಣಿಸಿಕೊಳ್ಳುವುದು ವಾಡಿಕೆ. ಕುಳಿತೆದ್ದ ಕೂಡಲೇ ಮೊದಲ ಕೆಲವು ಹೆಜ್ಜೆ ಇಡುವಾಗ ಆಗುವ ನೋವು ಸಡಿಲಿಕೆಯ ಹಳೆಯ ಗುರುತು.

ಮೂಳೆ ನಷ್ಟವಾಗುವ ಬಗೆ

ಇಂದಿನ ಸೊಂಟದ ಕೀಲು ಬದಲಾವಣೆಗೆ ತಳಹದಿ ಹಾಕಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ. ಅವರು ಮೊದಲು ಟೆಫ್ಲಾನ್‌ನಿಂದ ಮಾಡಿದ ಕಪ್ಪುಗಳನ್ನು ಬಳಸಿದರು. ಆರಂಭದಲ್ಲಿ ರೋಗಿಗಳು ಚೆನ್ನಾಗಿ ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯ ಸುತ್ತ ಅಂಗಾಂಶದ ಗಂಟುಗಳು ಬೆಳೆದು, ಮೂಳೆ ಹಾಳಾಯಿತು. ನೂರಾರು ಮಂದಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಚಾರ್ನ್ಲಿ ಟೆಫ್ಲಾನ್ ಮತ್ತು ಪಾಲಿಎಥಿಲೀನ್‌ಗಳ ಮಾದರಿಗಳನ್ನು ತಮ್ಮದೇ ತೊಡೆಯೊಳಗೆ ಇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನ್ ಇದ್ದಲ್ಲಿ ಗಂಟು ಕಟ್ಟಿತು. 1962ರ ನವೆಂಬರ್‌ನಿಂದ ಅವರು ಪಾಲಿಎಥಿಲೀನ್ ಕಪ್ಪು, ಸುಮಾರು 22 ಮಿ.ಮೀ. ವ್ಯಾಸದ ಲೋಹದ ತಲೆ ಮತ್ತು ಅಕ್ರಿಲಿಕ್ ಮೂಳೆ ಸಿಮೆಂಟುಗಳನ್ನು ಬಳಸತೊಡಗಿದರು. ಆ ಜೋಡಣೆ ನಿಂತಿತು. ಆದರೂ ಟೆಫ್ಲಾನ್ ಸೋಲಿನಲ್ಲಿ ಕಂಡಿದ್ದ ಸತ್ಯ, ಅಂದರೆ ಸವೆತದ ಪುಡಿಯೇ ಮೂಳೆಗೆ ಶತ್ರು ಎಂಬುದು, ಪೂರ್ಣವಾಗಿ ಅರ್ಥವಾಗಲು ಇನ್ನೂ ಎರಡು ದಶಕ ಹಿಡಿಯಿತು.

1970ರ ದಶಕದಲ್ಲಿ ಕೃತಕ ಕೀಲುಗಳ ಸುತ್ತ ಮೂಳೆ ಕರಗಿದ ಗುಳಿಗಳು ಕ್ಷ-ಕಿರಣ ಚಿತ್ರಗಳಲ್ಲಿ ಕಾಣತೊಡಗಿದಾಗ ತಪ್ಪನ್ನು ಸಿಮೆಂಟಿನ ಮೇಲೆ ಹೊರಿಸಲಾಯಿತು. ‘ಸಿಮೆಂಟು ರೋಗ’ ಎಂಬ ಹೆಸರೇ ಹುಟ್ಟಿತು. ಸಿಮೆಂಟಿಲ್ಲದ ಕೀಲುಗಳು ಬಂದವು. ಅವುಗಳ ಸುತ್ತಲೂ ಅದೇ ಗುಳಿಗಳು ಕಾಣಿಸಿಕೊಂಡಾಗ ಸಿಮೆಂಟು ಆರೋಪಮುಕ್ತವಾಯಿತು. ಪ್ರತಿ ಹೆಜ್ಜೆಯಲ್ಲೂ ಪಾಲಿಎಥಿಲೀನ್‌ನಿಂದ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ. ಪರಕೀಯ ವಸ್ತುವನ್ನು ನುಂಗಿ ಹಾಕುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಇವನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಕೆರಳಿದ ಆ ಕೋಶಗಳು ಹೊರಸೂಸುವ ರಾಸಾಯನಿಕ ಸಂಕೇತಗಳು ಆಸ್ಟಿಯೋಕ್ಲಾಸ್ಟ್ ಎಂಬ, ಮೂಳೆಯನ್ನು ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಹೀಗೆ ಪ್ಲಾಸ್ಟಿಕ್ಕಿನ ಮೇಲೆ ಹೊರಟ ದಾಳಿ ದೇಹದ ಸ್ವಂತ ಮೂಳೆಯ ಮೇಲೆ ಬೀಳುತ್ತದೆ. ಈ ಕ್ರಿಯೆಗೆ ಆಸ್ಟಿಯೋಲಿಸಿಸ್ ಎಂದು ಹೆಸರು. 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ, ವಿಕಿರಣದಿಂದ ಅಣುಗಳನ್ನು ಬಿಗಿಯಾಗಿ ಹೆಣೆದ ಪಾಲಿಎಥಿಲೀನ್ ಸವೆತವನ್ನು ಬಹಳ ತಗ್ಗಿಸಿದೆ.

ಕಣಗಳಲ್ಲದೆ ಬೇರೆ ಕಾರಣಗಳೂ ಇವೆ. ಸಡಿಲಗೊಂಡ ಕಾಂಡ ಪ್ರತಿ ಹೆಜ್ಜೆಗೂ ಒಳಗಿನಿಂದ ಮೂಳೆಯನ್ನು ಉಜ್ಜುತ್ತದೆ. ಸೋಂಕು ಮೂಳೆಯನ್ನು ತಿನ್ನುತ್ತದೆ. ಹೊರೆ ಬೀಳದ ಮೂಳೆ ತೆಳುವಾಗುತ್ತದೆ ಎಂಬುದು 19ನೆಯ ಶತಮಾನದ ಜರ್ಮನ್ ವೈದ್ಯ ಜೂಲಿಯಸ್ ವೋಲ್ಫ್ ಅವರ ಹೆಸರಿನ ನಿಯಮ; ಗಡುಸಾದ ಲೋಹದ ಕಾಂಡ ತಾನೇ ಭಾರ ಹೊತ್ತಾಗ ಅದರ ಸುತ್ತಲಿನ ಮೇಲಿನ ಮೂಳೆ ಹೀಗೆ ಸೊರಗುತ್ತದೆ. ಲೋಹದ ಮೇಲೆ ಲೋಹ ಉಜ್ಜುವ ಕೀಲುಗಳು ಕೋಬಾಲ್ಟ್ ಮತ್ತು ಕ್ರೋಮಿಯಂಗಳನ್ನು ಬಿಡುಗಡೆ ಮಾಡಿ ಸ್ನಾಯುವನ್ನೂ ಮೂಳೆಯನ್ನೂ ಹಾಳುಮಾಡಿದ ಪ್ರಕರಣಗಳುಂಟು. ಅಂತಹ ಡಿಪ್ಯೂ ಎ.ಎಸ್.ಆರ್. ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಭಾರತದಲ್ಲೂ ಅದನ್ನು ಹಾಕಿಸಿಕೊಂಡವರಿದ್ದರು; ಅವರ ಪರಿಹಾರದ ಪ್ರಶ್ನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಕೈಗೆತ್ತಿಕೊಂಡಿತು. ಇವೆಲ್ಲದರ ಜೊತೆಗೆ, ಗಟ್ಟಿಯಾಗಿ ಕೂತಿದ್ದ ಹಳೆಯ ಕೀಲನ್ನು ಕೀಳುವಾಗ ಶಸ್ತ್ರವೈದ್ಯರ ಉಪಕರಣದಿಂದಲೇ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪತ್ತೆ

ಆಸ್ಟಿಯೋಲಿಸಿಸ್‌ನ ಅತ್ಯಂತ ಅಪಾಯಕಾರಿ ಗುಣವೆಂದರೆ ಅದು ನೋಯುವುದಿಲ್ಲ. ಕೀಲು ಅಲುಗಾಡದೆ ನಿಂತಿರುವವರೆಗೆ ರೋಗಿ ಸುಖವಾಗಿ ನಡೆಯುತ್ತಾನೆ. ಒಳಗೆ ಮೂಳೆ ಗೆದ್ದಲು ಹಿಡಿದ ತೊಲೆಯಂತೆ ಟೊಳ್ಳಾಗುತ್ತಿರುತ್ತದೆ. ನೋವು ಬರುವುದು ಆಸರೆ ಕುಸಿದ ಮೇಲೆ. ಚೆನ್ನಾಗಿದ್ದೇನೆಂದು ಹತ್ತು ವರ್ಷ ಆಸ್ಪತ್ರೆಯ ಕಡೆಗೆ ಸುಳಿಯದವರಲ್ಲಿ ದೊಡ್ಡ ನಷ್ಟ ಕಾಣುವುದು ಇದರಿಂದಲೇ. ಬೇಗ ಕಂಡರೆ ಕೆಲವೊಮ್ಮೆ ಕಪ್ಪಿನ ಒಳಪದರವನ್ನಷ್ಟೇ ಬದಲಿಸಿ, ಗುಳಿಗೆ ಮೂಳೆಚೂರು ತುಂಬಿ ಮುಗಿಸಬಹುದಾದ ಕೆಲಸ, ತಡವಾದರೆ ಶ್ರೋಣಿಯನ್ನೇ ಕಟ್ಟಬೇಕಾದ ಶಸ್ತ್ರಚಿಕಿತ್ಸೆಯಾಗುತ್ತದೆ.

ಸಾದಾ ಕ್ಷ-ಕಿರಣ ಚಿತ್ರವು ನಷ್ಟವನ್ನು ಇದ್ದುದಕ್ಕಿಂತ ಕಡಿಮೆಯಾಗಿ ತೋರಿಸುವುದು ಸಾಮಾನ್ಯ. ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗ ಮಾತ್ರ ಕಪ್ಪು ಸರಿದಿರುವುದು ತಿಳಿಯುತ್ತದೆ. ಆದ್ದರಿಂದ ಹಳೆಯ ಫಿಲ್ಮುಗಳನ್ನು ಎಸೆಯಬಾರದು. ಮೊದಲ ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ಅಂಟಿಸಿರುವ ಕೀಲಿನ ತಯಾರಿಕೆ ಮತ್ತು ಅಳತೆಯ ಚೀಟಿಗಳೂ ಅಷ್ಟೇ ಬೆಲೆಯುಳ್ಳವು, ಏಕೆಂದರೆ ಹಳೆಯ ಕಾಂಡವನ್ನು ಉಳಿಸಿಕೊಳ್ಳಬೇಕಾದರೆ ಅದಕ್ಕೆ ಹೊಂದುವ ತಲೆ ಯಾವುದೆಂದು ಗೊತ್ತಿರಬೇಕು. ತೀವ್ರ ನಷ್ಟದ ಶಂಕೆಯಿದ್ದಲ್ಲಿ ಲೋಹದ ಹೊಳಪನ್ನು ತಗ್ಗಿಸುವ ತಂತ್ರದೊಡನೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಕಪ್ಪು ಶ್ರೋಣಿಯ ಒಳಭಾಗಕ್ಕೆ ನುಗ್ಗಿದ್ದರೆ ಅದರ ಬಳಿ ಹಾಯುವ ದೊಡ್ಡ ರಕ್ತನಾಳಗಳ ಚಿತ್ರಣವೂ ಬೇಕಾಗುತ್ತದೆ.

ಸಡಿಲಗೊಂಡ ಪ್ರತಿಯೊಂದು ಕೀಲಿನಲ್ಲೂ ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳಲ್ಲಿ ಸಂಶಯ ಬಂದರೆ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ.

ವರ್ಗೀಕರಣ

ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಶಿಕಾಗೋದ ಶಸ್ತ್ರವೈದ್ಯ ವೇಯ್ನ್ ಪಾಪ್ರೋಸ್ಕಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಬಟ್ಟಲಿನ ವರ್ಗೀಕರಣ. ಇದು ಸಾದಾ ಕ್ಷ-ಕಿರಣ ಚಿತ್ರದ ನಾಲ್ಕು ಸಂಗತಿಗಳನ್ನು ನೋಡುತ್ತದೆ: ಕೀಲಿನ ಕೇಂದ್ರ ಎಷ್ಟು ಮೇಲೇರಿದೆ, ಇಶ್ಚಿಯಂ ಎಷ್ಟು ಕರಗಿದೆ, ಬಟ್ಟಲಿನ ತಳದಲ್ಲಿ ಕಣ್ಣೀರ ಹನಿಯಂತೆ ಕಾಣುವ ಗುರುತು ಉಳಿದಿದೆಯೇ, ಶ್ರೋಣಿಯ ಒಳಗೋಡೆಯನ್ನು ಸೂಚಿಸುವ ಕೋಲರ್ ರೇಖೆ ಮುರಿದಿದೆಯೇ. ಒಂದನೆಯ ವರ್ಗದಲ್ಲಿ ನಷ್ಟ ಅಲ್ಪ. ಎರಡನೆಯದರಲ್ಲಿ ಅಂಚು ಅಥವಾ ತಳ ಹೋಗಿದ್ದರೂ ಕಪ್ಪನ್ನು ಹಿಡಿಯುವ ಕಂಬಗಳು ಇವೆ. ಮೂರನೆಯ ವರ್ಗವೇ ಈ ಲೇಖನದ ವಸ್ತು. ಅಲ್ಲಿ ಕೀಲಿನ ಕೇಂದ್ರ 3 ಸೆಂ.ಮೀ.ಗಿಂತ ಹೆಚ್ಚು ಮೇಲೇರಿರುತ್ತದೆ. 3ಎ ಯಲ್ಲಿ ಕಪ್ಪು ಮೇಲಕ್ಕೂ ಹೊರಕ್ಕೂ ಸರಿದಿರುತ್ತದೆ, 3ಬಿ ಯಲ್ಲಿ ಮೇಲಕ್ಕೂ ಒಳಕ್ಕೂ. 3ಬಿ ಯಲ್ಲಿ ಹೊಸ ಕಪ್ಪಿಗೆ ತಾಗುವ ಜೀವಂತ ಮೂಳೆ ಶೇಕಡ 40ಕ್ಕಿಂತ ಕಡಿಮೆ.

ತೊಡೆಮೂಳೆಗೂ ಇದೇ ಹೆಸರಿನ ವರ್ಗೀಕರಣವಿದೆ. ಅದರ ತಿರುಳು ಒಂದೇ ಪ್ರಶ್ನೆ: ಮೂಳೆಯ ನಡುಭಾಗದ ಕಿರಿದಾದ ಕೊಳವೆಯಲ್ಲಿ ಕಾಂಡವನ್ನು ಬಿಗಿಯಾಗಿ ಕಚ್ಚಬಲ್ಲ ಭಾಗ 4 ಸೆಂ.ಮೀ. ಇದೆಯೇ? ಇದ್ದರೆ 3ಎ, ಅದಕ್ಕಿಂತ ಕಡಿಮೆಯಿದ್ದರೆ 3ಬಿ. ಕೊಳವೆ ಅಗಲವಾಗಿ, ಗೋಡೆ ತೆಳುವಾಗಿ ಎಲ್ಲಿಯೂ ಹಿಡಿತ ಸಿಗದಿದ್ದರೆ ನಾಲ್ಕನೆಯ ವರ್ಗ. ಚಿತ್ರದಲ್ಲಿ ಗೊತ್ತುಮಾಡಿದ ವರ್ಗ, ಹಳೆಯ ಕೀಲನ್ನು ತೆಗೆದ ಮೇಲೆ ಬದಲಾಗುವುದು ಅಪರೂಪವಲ್ಲ. ಅದಕ್ಕಾಗಿಯೇ ಅನುಭವಿ ತಂಡಗಳು ಅಂದುಕೊಂಡದ್ದಕ್ಕಿಂತ ಒಂದು ಹಂತ ಹೆಚ್ಚಿನ ನಷ್ಟಕ್ಕೆ ಬೇಕಾದ ಸಾಮಗ್ರಿಯನ್ನೂ ಸಿದ್ಧವಿಟ್ಟುಕೊಂಡು ಕೆಲಸಕ್ಕೆ ಇಳಿಯುತ್ತವೆ.

ಬಟ್ಟಲಿನ ಪುನರ್ನಿರ್ಮಾಣ

ಇಲ್ಲಿ ಎರಡು ಚಿಂತನೆಗಳಿವೆ. ಒಂದು, ಹೋದ ಮೂಳೆಯನ್ನು ಮೂಳೆಯಿಂದಲೇ ತುಂಬುವುದು. ಇನ್ನೊಂದು, ಹೋದ ಜಾಗವನ್ನು ಲೋಹದಿಂದ ತುಂಬಿ, ಉಳಿದ ಮೂಳೆ ಅದರೊಳಕ್ಕೆ ಬೆಳೆಯುವಂತೆ ಮಾಡುವುದು.

ಮೊದಲನೆಯದರ ಪ್ರಸಿದ್ಧ ರೂಪ ಮೂಳೆಚೂರುಗಳನ್ನು ಗಟ್ಟಿಸುವ ವಿಧಾನ. ಇದನ್ನು ಬೆಳೆಸಿದವರು ನೆದರ್‌ಲೆಂಡ್ಸಿನ ನೈಮೇಗನ್‌ನ ಟಾಮ್ ಸ್ಲೂಫ್ ಮತ್ತು ಸಂಗಡಿಗರು. ಅವರ ವರದಿ 1984ರಲ್ಲಿ ಪ್ರಕಟವಾಯಿತು. ತೊಡೆಮೂಳೆಗೆ ಇದನ್ನು ಅಳವಡಿಸಿದವರು ಇಂಗ್ಲೆಂಡಿನ ಎಕ್ಸೆಟರ್‌ನ ವೈದ್ಯರು. ಬಟ್ಟಲಿನ ಒಡೆದ ಅಂಚನ್ನು ಮೊದಲು ಲೋಹದ ಜಾಲರಿಯಿಂದ ಮುಚ್ಚುತ್ತಾರೆ. ಬಳಿಕ ದಾನಿಯ ಮೂಳೆಯ 7ರಿಂದ 10 ಮಿ.ಮೀ. ಗಾತ್ರದ ಚೂರುಗಳನ್ನು ಹಾಕಿ, ಹೊಸ ನೆಲಕ್ಕೆ ದಿಮ್ಮಸು ಹೊಡೆದಂತೆ ಅರ್ಧಗೋಲದ ಉಪಕರಣಗಳಿಂದ ಪದರ ಪದರವಾಗಿ ಗಟ್ಟಿಸುತ್ತಾರೆ. ಅದರ ಮೇಲೆ ಸಿಮೆಂಟನ್ನು ಒತ್ತಿ ಪಾಲಿಎಥಿಲೀನ್ ಕಪ್ಪನ್ನು ಕೂಡಿಸುತ್ತಾರೆ. ಚೂರುಗಳ ನಡುವೆ ರೋಗಿಯ ರಕ್ತನಾಳಗಳು ಬೆಳೆದು, ಕಾಲಕ್ರಮದಲ್ಲಿ ಬಹುಭಾಗ ಅವನದೇ ಮೂಳೆಯಾಗುತ್ತದೆ. ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಕಿರಿಯ ರೋಗಿಗಳಿಗೆ ಇದರ ಬೆಲೆ ದೊಡ್ಡದು. ಪುಡಿ ತೀರಾ ಸಣ್ಣದಾದರೆ ಅಥವಾ ಗಟ್ಟಿಸುವುದರಲ್ಲಿ ಸಡಿಲ ಬಿಟ್ಟರೆ ಕಪ್ಪು ಕುಸಿಯುತ್ತದೆ. ಫಲಿತಾಂಶವು ಮಾಡುವ ಕೈಯನ್ನು ಬಹಳವಾಗಿ ಅವಲಂಬಿಸಿದೆ.

ಚೂರಿನ ಬದಲು ದಾನಿಯ ಮೂಳೆಯ ಇಡೀ ತುಂಡನ್ನು ಸ್ಕ್ರೂಗಳಿಂದ ಬಿಗಿದು ಆಸರೆಯಾಗಿಸುವ ಪದ್ಧತಿಯೂ ಇತ್ತು. ಅಂತಹ ತುಂಡಿನ ಹೊರಪದರಕ್ಕಷ್ಟೇ ಜೀವ ಬರುತ್ತದೆ. ಒಳಗಿನ ನಿರ್ಜೀವ ಭಾಗ ವರ್ಷಗಳ ನಂತರ ಕುಸಿಯುವ ಸಂಭವವಿರುವುದರಿಂದ ಈಗ ಇದರ ಬಳಕೆ ತಗ್ಗಿದೆ.

ಎರಡನೆಯ ಚಿಂತನೆಯ ಸರಳ ರೂಪ ದೊಡ್ಡ ಕಪ್ಪು. ಹೆಂಗಸರಲ್ಲಿ 62 ಮಿ.ಮೀ. ಮತ್ತು ಗಂಡಸರಲ್ಲಿ 66 ಮಿ.ಮೀ.ಗಿಂತ ಕಡಿಮೆಯಿಲ್ಲದ ರಂಧ್ರಮಯ ಹೊರಮೈಯ ಕಪ್ಪುಗಳಿಗೆ ‘ಜಂಬೋ’ ಎನ್ನುತ್ತಾರೆ. ಕಪ್ಪು ದೊಡ್ಡದಾದಷ್ಟೂ ತಾಗುವ ಮೂಳೆ ಹೆಚ್ಚು. ಆದರೆ ಗುಳಿ ಉರುಟಾಗಿರದೆ ಮೊಟ್ಟೆಯಾಕಾರದಲ್ಲಿದ್ದರೆ, ಅದನ್ನು ಉರುಟು ಮಾಡಲು ಹೊರಟಾಗ ಇದ್ದ ಒಳ್ಳೆಯ ಮೂಳೆಯೂ ಹೋಗುತ್ತದೆ.

ಈ ಕೊರತೆಯನ್ನು ನೀಗಿದ್ದು 1990ರ ದಶಕದ ಕೊನೆಯಲ್ಲಿ ಬಂದ ರಂಧ್ರಮಯ ಟ್ಯಾಂಟಲಂ. ಇದರ ಗಾತ್ರದಲ್ಲಿ ಸುಮಾರು ಶೇಕಡ 75ರಿಂದ 80ರಷ್ಟು ಬರಿಯ ರಂಧ್ರ. ನೋಡಲು ಸ್ಪಂಜಿನಂಥ ಒಳಮೂಳೆಯನ್ನೇ ಹೋಲುತ್ತದೆ. ಕೋಬಾಲ್ಟ್-ಕ್ರೋಮಿಯಂನ ಗಡಸುತನಕ್ಕೆ ಹೋಲಿಸಿದರೆ ಇದು ಬಹಳ ಮೆದು, ಮೂಳೆಯ ಗಡಸುತನಕ್ಕೆ ಸಮೀಪ. ಒರಟು ಮೈ ಮೊದಲ ದಿನದಿಂದಲೇ ಮೂಳೆಯನ್ನು ಕಚ್ಚುತ್ತದೆ. ಬಳಿಕ ಮೂಳೆ ರಂಧ್ರಗಳೊಳಗೆ ಬೆಳೆಯುತ್ತದೆ. ಇದೇ ಲೋಹದ ಬಿಲ್ಲೆಗಳನ್ನು ಗುಳಿಯ ಖಾಲಿ ಭಾಗದಲ್ಲಿ ಸ್ಕ್ರೂಗಳಿಂದ ನಿಲ್ಲಿಸಿ, ಕಪ್ಪನ್ನು ಒತ್ತಿಕೂಡಿಸಿ, ಇವೆರಡರ ನಡುವೆ ಸಿಮೆಂಟು ತುಂಬುತ್ತಾರೆ. ಈಗ ಮೂರು ಆಯಾಮದ ಮುದ್ರಣದಿಂದ ತಯಾರಾದ ರಂಧ್ರಮಯ ಟೈಟಾನಿಯಂ ಬಿಲ್ಲೆಗಳೂ ಇವೆ.

ಮೂಳೆಯ ಸಂಪರ್ಕ ತೀರಾ ಕಡಿಮೆಯಿದ್ದಲ್ಲಿ ಇಲಿಯಂನಿಂದ ಇಶ್ಚಿಯಂವರೆಗೆ ಸೇತುವೆಯಂತೆ ನಿಲ್ಲುವ ಲೋಹದ ಪಂಜರವನ್ನು ಬಳಸುತ್ತಾರೆ. 1970ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರೂಪುಗೊಂಡ ಬುರ್ಖ್-ಷ್ನೈಡರ್ ಪಂಜರ ಇದರ ಹಳೆಯ ಮಾದರಿ. ಹಳೆಯ ಪಂಜರಗಳೊಳಗೆ ಮೂಳೆ ಬೆಳೆಯುತ್ತಿರಲಿಲ್ಲ. ಎಷ್ಟೇ ಗಟ್ಟಿಯಾದ ಲೋಹವೂ ಲಕ್ಷಾಂತರ ಹೆಜ್ಜೆಗಳ ಬಳಿಕ ದಣಿದು ಬಿರುಕು ಬಿಡುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ. ಆದ್ದರಿಂದ ಈಗ ಮೊದಲು ರಂಧ್ರಮಯ ಕಪ್ಪನ್ನು ಮೂಳೆಗೆ ಕೂಡಿಸಿ, ಅದರ ಮೇಲೆ ಪಂಜರವನ್ನು ಹಾಕುವ ಜೋಡಿ ವಿಧಾನ ಬಂದಿದೆ. ಮೂಳೆ ಕಪ್ಪಿನೊಳಗೆ ಬೆಳೆಯುವವರೆಗೆ ಪಂಜರ ಅದನ್ನು ಕಾಯುತ್ತದೆ.

ಶ್ರೋಣಿಯ ವಿಚ್ಛೇದ

ಬಟ್ಟಲಿನ ಮೂಲಕ ಶ್ರೋಣಿಯ ಮೇಲಿನ ಮತ್ತು ಕೆಳಗಿನ ಭಾಗಗಳು ಒಂದರಿಂದೊಂದು ಬೇರೆಯಾಗಿರುವ ಸ್ಥಿತಿ ಇದು. ಹೆಂಗಸರಲ್ಲಿ, ರುಮಟಾಯ್ಡ್ ಸಂಧಿವಾತವುಳ್ಳವರಲ್ಲಿ ಮತ್ತು ಶ್ರೋಣಿಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಹೆಚ್ಚು ಕಾಣುತ್ತದೆ. ಮೇಲಿನ ಭಾಗಕ್ಕೆ ಕಪ್ಪನ್ನು ಎಷ್ಟು ಬಿಗಿದರೂ ಕೆಳಗಿನ ಭಾಗ ಅಲುಗಾಡುತ್ತಿದ್ದರೆ ಅದು ನಿಲ್ಲದು. ಇತ್ತೀಚೆಗೆ ಮುರಿದದ್ದಾದರೆ ಪ್ಲೇಟು ಬಿಗಿದು ಕೂಡಿಸಬಹುದು. ಹಳೆಯದಾದರೆ ನಡುವೆ ನಾರಿನ ಅಂಗಾಂಶವಷ್ಟೇ ಇರುವುದರಿಂದ ಕೂಡುವ ಭರವಸೆ ಕಡಿಮೆ. ಅಂತಹ ಕಡೆ ಎರಡೂ ಭಾಗಗಳನ್ನು ಉಪಕರಣದಿಂದ ಅಗಲಿಸಿ ಹಿಡಿದು ದೊಡ್ಡ ಕಪ್ಪನ್ನು ನಡುವೆ ಇಳಿಸುತ್ತಾರೆ. ಬಿಟ್ಟಾಗ ಅವು ಸ್ಪ್ರಿಂಗಿನಂತೆ ಹಿಂದೆ ಸರಿದು ಕಪ್ಪನ್ನು ಹಿಡಿಯುತ್ತವೆ. ಕಪ್ಪು-ಪಂಜರದ ಜೋಡಿಯೂ ಒಂದು ದಾರಿ.

ಮೂರನೆಯದು ಸಿ.ಟಿ. ಚಿತ್ರದಿಂದ ಆಯಾ ರೋಗಿಯ ಶ್ರೋಣಿಯ ಅಚ್ಚು ಮಾಡಿ, ಮೂರೂ ಮೂಳೆಗಳಿಗೆ ತಾಗುವ ಮೂರು ರೆಕ್ಕೆಗಳುಳ್ಳ ಕಪ್ಪನ್ನು ಪ್ರತ್ಯೇಕವಾಗಿ ತಯಾರಿಸುವುದು. ಇದು ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸಿದಂತೆ. ತಯಾರಿಗೆ ವಾರಗಟ್ಟಲೆ ಹಿಡಿಯುತ್ತದೆ, ವೆಚ್ಚವೂ ಹೆಚ್ಚು. ಆ ಅವಧಿಯಲ್ಲಿ ಅಥವಾ ಹಳೆಯ ಕಪ್ಪನ್ನು ತೆಗೆಯುವಾಗ ಇನ್ನಷ್ಟು ಮೂಳೆ ಹೋದರೆ ಅಳತೆ ತಪ್ಪುತ್ತದೆ.

ತೊಡೆಮೂಳೆಯ ಪುನರ್ನಿರ್ಮಾಣ

ತೊಡೆಮೂಳೆಯಲ್ಲಿ ಅನುಸರಿಸುವ ನೀತಿ ಸರಳ: ಮೇಲ್ಭಾಗ ಹಾಳಾಗಿದ್ದರೆ ಅದನ್ನು ದಾಟಿ, ಕೆಳಗಿನ ಗಟ್ಟಿ ಮೂಳೆಯಲ್ಲಿ ಕಾಂಡವನ್ನು ನಿಲ್ಲಿಸುವುದು. ಜರ್ಮನಿಯ ಹೈನ್ಸ್ ವಾಗ್ನರ್ 1980ರ ದಶಕದಲ್ಲಿ ರೂಪಿಸಿದ ಉದ್ದನೆಯ ಟೈಟಾನಿಯಂ ಕಾಂಡ ಬೆಣೆಯಂತೆ ಕೆಳಗೆ ಕಿರಿದಾಗುತ್ತದೆ. ಮೈಮೇಲಿನ ಉದ್ದುದ್ದ ಏಣುಗಳು ಮೂಳೆಯನ್ನು ಕಚ್ಚಿ ತಿರುಗದಂತೆ ತಡೆಯುತ್ತವೆ. ಸರಿಯಾಗಿ ಕೂರದಿದ್ದರೆ ಇಂತಹ ಕಾಂಡ ಇಳಿದುಬಿಡುತ್ತದೆ, ಕಾಲು ಗಿಡ್ಡವಾಗುತ್ತದೆ. ಮೇಲಿನ ಭಾಗ ಮತ್ತು ಕೆಳಗಿನ ಭಾಗಗಳನ್ನು ಬೇರೆ ಬೇರೆಯಾಗಿ ಆರಿಸಿ ಜೋಡಿಸುವ ಕಾಂಡಗಳು ಕಾಲಿನ ಉದ್ದವನ್ನು ಸರಿಪಡಿಸಲು ಅನುಕೂಲ. ಆದರೆ ಮೇಲ್ಭಾಗದಲ್ಲಿ ಮೂಳೆಯ ಆಸರೆಯಿಲ್ಲದಿದ್ದರೆ ಆ ಜೋಡಣೆಯ ಬಳಿಯೇ ಲೋಹ ಮುರಿದ ಉದಾಹರಣೆಗಳಿವೆ.

ಗಟ್ಟಿಯಾಗಿ ಕೂತ ಕಾಂಡವನ್ನು ಬಲವಂತದಿಂದ ಎಳೆದರೆ ಮೂಳೆ ಸೀಳುತ್ತದೆ. ಅದರ ಬದಲು ತೊಡೆಮೂಳೆಯ ಹೊರಬದಿಯ ಮೂರನೆಯ ಒಂದು ಭಾಗವನ್ನು, ಸ್ನಾಯುಗಳು ಅಂಟಿಕೊಂಡಿರುವಂತೆಯೇ, ಹಲವು ಸೆಂ.ಮೀ. ಉದ್ದಕ್ಕೆ ಮುಚ್ಚಳದಂತೆ ಕತ್ತರಿಸಿ ತೆರೆಯುತ್ತಾರೆ. ಕೆಲಸ ಮುಗಿದ ಮೇಲೆ ತಂತಿಗಳಿಂದ ಕಟ್ಟಿ ಮುಚ್ಚುತ್ತಾರೆ. ಬೇಕೆಂದೇ ಕತ್ತರಿಸಿದ ಮೂಳೆ ಕೂಡುತ್ತದೆ. ಅಂಕೆಯಿಲ್ಲದೆ ಒಡೆದದ್ದನ್ನು ಕೂಡಿಸುವುದು ಕಷ್ಟ.

ನಾಲ್ಕನೆಯ ವರ್ಗದಲ್ಲಿ ಮೂಳೆಚೂರು ಗಟ್ಟಿಸಿ ಸಿಮೆಂಟಿನ ಕಾಂಡ ಇಡಬಹುದು, ದಾನಿಯ ತೊಡೆಮೂಳೆಯ ಮೇಲ್ಭಾಗಕ್ಕೆ ಕಾಂಡವನ್ನು ಅಂಟಿಸಿ ರೋಗಿಯ ಮೂಳೆಗೆ ಕೂಡಿಸಬಹುದು, ಇಲ್ಲವೆ ಮೂಳೆಗೆಡ್ಡೆಯ ಶಸ್ತ್ರಚಿಕಿತ್ಸೆಗೆಂದು ರೂಪುಗೊಂಡ, ಇಡೀ ಮೇಲ್ಭಾಗವೇ ಲೋಹವಾಗಿರುವ ಕೀಲನ್ನು ಹಾಕಬಹುದು. ಕೊನೆಯದು ಬೇಗ ನಡೆಸುತ್ತದೆ. ಆದರೆ ಸ್ನಾಯು ಲೋಹಕ್ಕೆ ಸರಿಯಾಗಿ ಅಂಟದೆ ಕೀಲು ಜಾರುವ ಭಯ ಹೆಚ್ಚು. ಹಾಗಾಗಿ ಅದು ಬಹುಮಟ್ಟಿಗೆ ವಯಸ್ಸಾದ, ಕಡಿಮೆ ಓಡಾಡುವ ರೋಗಿಗಳಿಗೆ ಮೀಸಲು.

ಸೋಂಕಿದ್ದಾಗ

ಸೋಂಕು ಇದ್ದಲ್ಲಿ ಸಾಮಾನ್ಯವಾಗಿ ಎರಡು ಹಂತ. ಮೊದಲು ಕೀಲು, ಸಿಮೆಂಟು, ಸತ್ತ ಮೂಳೆಗಳನ್ನು ತೆಗೆದು ಪ್ರತಿಜೀವಕ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲನ್ನು ಇಡುತ್ತಾರೆ. ಕೆಲವು ವಾರಗಳಿಂದ ತಿಂಗಳುಗಳ ಬಳಿಕ, ಸೋಂಕು ಅಡಗಿದೆ ಎಂದು ಕಂಡಾಗ, ಪುನರ್ನಿರ್ಮಾಣ ಮಾಡುತ್ತಾರೆ. ಒಂದೇ ಹಂತದಲ್ಲಿ ಮುಗಿಸುವ ಪದ್ಧತಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬೆಳೆಯಿತು. ರೋಗಾಣು ಯಾವುದೆಂದು ಮುಂಚಿತವಾಗಿ ತಿಳಿದಿದ್ದು, ಮೂಳೆ ಸಾಕಷ್ಟು ಉಳಿದಿದ್ದರೆ ಅದು ಸಾಧ್ಯ. ತೀವ್ರ ಮೂಳೆನಷ್ಟವಿದ್ದಲ್ಲಿ ಎರಡು ಹಂತವನ್ನೇ ಹೆಚ್ಚಿನವರು ಆರಿಸಿಕೊಳ್ಳುತ್ತಾರೆ.

ದಾನದ ಮೂಳೆ ಮತ್ತು ಭಾರತದ ಸ್ಥಿತಿ

ಕಸಿಗೆ ಬೇಕಾದ ಮೂಳೆಯ ಮುಖ್ಯ ಮೂಲ, ಬೇರೊಬ್ಬರ ಮೊದಲ ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ತೊಡೆಮೂಳೆಯ ತಲೆ. ದಾನಿಯ ಒಪ್ಪಿಗೆ ಪಡೆದು, ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗಳಿಗೆ ಪರೀಕ್ಷೆ ಮಾಡಿ, ಅತಿಶೀತದಲ್ಲಿ ಇರಿಸುತ್ತಾರೆ ಅಥವಾ ಗಾಮಾ ವಿಕಿರಣದಿಂದ ಶುದ್ಧಗೊಳಿಸುತ್ತಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಲ್ಲಿ ಆರಂಭವಾಯಿತು. ಅಂಗಾಂಗ ಕಸಿಯ 1994ರ ಕಾಯಿದೆಗೆ 2011ರಲ್ಲಿ ಮಾಡಿದ ತಿದ್ದುಪಡಿ, ಮೂಳೆ ಮುಂತಾದ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಕಣ್ಣಿನ ದಾನದ ವಿಷಯ ಕನ್ನಡಿಗರಿಗೆ ಮನೆಮಾತಾಗಿದೆ. ಮೂಳೆಯ ದಾನವೂ ಸಾಧ್ಯವೆಂಬುದು ಅಷ್ಟು ಪ್ರಚಾರ ಪಡೆದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಾವಣೆಗೆ ಮುಖ್ಯ ಕಾರಣ ಮುಪ್ಪಿನ ಸಂಧಿವಾತ. ಭಾರತದಲ್ಲಿ ರಕ್ತಪೂರೈಕೆ ನಿಂತು ಮೂಳೆಯ ತಲೆ ಸಾಯುವ ರೋಗ, ಬೆನ್ನು ಸೆಟೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಹಳೆಯ ಮುರಿತ ಮುಂತಾದವುಗಳ ಪಾಲು ದೊಡ್ಡದು. ಇವು ಮೂವತ್ತು, ನಲವತ್ತರ ವಯಸ್ಸಿನವರನ್ನೂ ಕಾಡುತ್ತವೆ. ಆ ವಯಸ್ಸಿನಲ್ಲಿ ಕೀಲು ಹಾಕಿಸಿಕೊಂಡವರು ಬದುಕಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮರುಬದಲಾವಣೆ ಎದುರಿಸಬೇಕಾಗಬಹುದು. ಸ್ವೀಡನ್ ತನ್ನ ಸೊಂಟದ ಕೀಲುಗಳ ರಾಷ್ಟ್ರೀಯ ದಾಖಲೆಯನ್ನು 1979ರಲ್ಲೇ ಆರಂಭಿಸಿತು. ಭಾರತದಲ್ಲಿ ಸೊಂಟ ಮತ್ತು ಮಂಡಿ ಶಸ್ತ್ರವೈದ್ಯರ ಸಂಘದ ದಾಖಲೆ ಇದ್ದರೂ ಅದು ಸ್ವಯಂಪ್ರೇರಿತ.

ಚಿಕಿತ್ಸೆಯ ಬಳಿಕ

ಮೊದಲ ಬಾರಿಗಿಂತ ಮರುಬದಲಾವಣೆಯಲ್ಲಿ ರಕ್ತಸ್ರಾವ, ಸೋಂಕು, ಕೀಲು ಜಾರುವಿಕೆ, ಮೂಳೆ ಮುರಿತ ಮತ್ತು ಕಾಲಿನ ಸಯಾಟಿಕ್ ನರಕ್ಕೆ ಪೆಟ್ಟು ಹೆಚ್ಚು. ಜಾರುವಿಕೆಯನ್ನು ತಗ್ಗಿಸಲು ದೊಡ್ಡ ತಲೆಯನ್ನೋ, ಫ್ರಾನ್ಸಿನ ಜೀಲ್ ಬೂಸ್ಕೆ 1970ರ ದಶಕದಲ್ಲಿ ರೂಪಿಸಿದ ಇಬ್ಬಗೆಯಲ್ಲಿ ತಿರುಗುವ ಕಪ್ಪನ್ನೋ ಬಳಸುತ್ತಾರೆ. ಪುನರ್ನಿರ್ಮಾಣ ದೊಡ್ಡದಾಗಿದ್ದರೆ ಆರರಿಂದ ಹನ್ನೆರಡು ವಾರ ಊರುಗೋಲು ಹಿಡಿದು, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕದೆ ನಡೆಯಬೇಕಾಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನ ಶೌಚ, ತಗ್ಗಿನ ಮಣೆಯ ಮೇಲಿನ ಊಟ, ಪಾದ ಮುಟ್ಟಿ ನಮಸ್ಕರಿಸುವುದು ಇವೆಲ್ಲ ಕೀಲನ್ನು ಜಾರಿಸಬಲ್ಲ ಭಂಗಿಗಳು. ಮನೆಗೆ ಮರಳುವ ಮೊದಲೇ ಎತ್ತರದ ಕುರ್ಚಿ ಮತ್ತು ಕಮೋಡಿನ ಏರ್ಪಾಡು ಆಗಿರಬೇಕು. ಮೊದಲ ವರ್ಷದಲ್ಲಿ ಹಲವು ಬಾರಿ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ, ನೋವು ಇರಲಿ ಇಲ್ಲದಿರಲಿ, ಕ್ಷ-ಕಿರಣ ತಪಾಸಣೆ ನಡೆಯಬೇಕು.